ಹುಸಿ ಹೊಡೆತಕ್ಕೆ ಎದುರಾಳಿ ಮಿಸುಕುವುದೇ ಇಲ್ಲ: ದೋಷ ಕೈಯಲ್ಲಿದೆಯೋ, ಕಾಲಿನಲ್ಲಿದೆಯೋ?

ಜ್ಯಾಬ್‌ಪ್ರಿಯ:

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ಸಂಜೆಯ ಹೊತ್ತು ಬಾಕ್ಸಿಂಗ್ ಕಲಿಯುತ್ತಿದ್ದೇನೆ. ನನ್ನದು ಆರ್ಥೊಡಾಕ್ಸ್ ನಿಲುವು. ಎಡಗಾಲು ಮುಂದೆ, ಬಲಗೈ ಹಿಂದೆ. ಬ್ಯಾಗ್ ಮತ್ತು ಪ್ಯಾಡ್ ಮೇಲಿನ ನನ್ನ ಜ್ಯಾಬ್ (ಮುಂದಿನ ಕೈಯ ನೇರ ಪೆಟ್ಟು) ಬಗ್ಗೆಯಾಗಲಿ ಕ್ರಾಸ್ (ಹಿಂದಿನ ಕೈಯ ನೇರ ಪೆಟ್ಟು) ಬಗ್ಗೆಯಾಗಲಿ ತರಬೇತುದಾರರಿಗೆ ದೂರಿಲ್ಲ. ತೊಡಕು ಶುರುವಾಗುವುದು ಸ್ಪಾರಿಂಗ್‌ನಲ್ಲಿ, ಅಂದರೆ ಸಂಗಾತಿಯೊಡನೆ ಆಡುವ ಅಭ್ಯಾಸ ಪಂದ್ಯದಲ್ಲಿ, ಅದರಲ್ಲೂ ನನಗಿಂತ ಸುಮಾರು ಅರ್ಧ ಅಡಿ ಎತ್ತರವಿರುವ ಒಬ್ಬ ಸೌತ್‌ಪಾ (ಬಲಗಾಲು ಮುಂದಿಟ್ಟು ನಿಲ್ಲುವ) ಸಂಗಾತಿಯ ಎದುರು. ನಾನು ಭುಜ ಅಲುಗಿಸಿ, ಮುಂದಿನ ಕೈಯನ್ನು ಅರ್ಧ ಚಾಚಿ ಫೇಂಟ್ ಮಾಡಿದರೆ, ಅಂದರೆ ಹೊಡೆಯುವಂತೆ ನಟಿಸಿದರೆ, ಆತ ನಿಂತ ಜಾಗದಿಂದ ಕದಲುವುದೇ ಇಲ್ಲ. ಬದಲಿಗೆ ನಾನು ಕೈ ಹಿಂದಕ್ಕೆ ಎಳೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಆತನ ಎಡಗೈ ನೇರವಾಗಿ ಬಂದು ನನ್ನ ಮುಖಕ್ಕೆ ತಗಲುತ್ತದೆ.

ನೋಡಿದ ಪಂದ್ಯಗಳಲ್ಲೆಲ್ಲ ಒಂದು ಸಣ್ಣ ಭುಜದ ಚಲನೆಗೆ ಎದುರಾಳಿಯ ಗಾರ್ಡ್ (ಮುಖ ಕಾಯುವ ಕೈಗಳ ತಡೆ) ತೆರೆದುಕೊಳ್ಳುತ್ತದೆ. ನನ್ನ ವಿಷಯದಲ್ಲಿ ಹಾಗೇಕೆ ಆಗುತ್ತಿಲ್ಲ? ಸೌತ್‌ಪಾ ಎದುರು ಮುಂದಿನ ಪಾದವನ್ನು ಆತನ ಪಾದದ ಹೊರಬದಿಗೇ ಇಡಬೇಕು ಎನ್ನುವ ಮಾತನ್ನು ಎಷ್ಟರ ಮಟ್ಟಿಗೆ ನಂಬಬೇಕು? ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಹಳೇ ಗ್ಲೌಸ್:

ಪ್ರಶ್ನೆಯನ್ನು ಸ್ಪಷ್ಟವಾಗಿ ಇಟ್ಟಿದ್ದೀರಿ, ಸಂತೋಷ. ಉತ್ತರಕ್ಕೆ ಮೊದಲು ನಿಮಗೆ ಒಂದು ಮರುಪ್ರಶ್ನೆ. ಆ ಸಂಗಾತಿಯ ಮುಖಕ್ಕೆ ನಿಮ್ಮ ನಿಜವಾದ ಜ್ಯಾಬ್ ಎಷ್ಟು ಸಲ ತಗಲಿದೆ? ತಗಲಿಯೇ ಇಲ್ಲವೆಂದರೆ ಆತ ನಿಮ್ಮ ಹುಸಿ ಜ್ಯಾಬ್‌ಗೆ ಹೆದರಬೇಕಾದ ಕಾರಣವೇ ಇಲ್ಲ. ಅಂಗಡಿಯಲ್ಲಿ ಸಾಲ ಸಿಗಬೇಕಾದರೆ ಹಿಂದೊಮ್ಮೆ ನಗದು ಕೊಟ್ಟಿರಬೇಕಲ್ಲವೇ, ಹಾಗೆ. ಮೊದಲ ಸುತ್ತಿನಲ್ಲಿ ನಾಲ್ಕಾರು ಜ್ಯಾಬ್‌ಗಳನ್ನು, ಗುರಿ ತಪ್ಪಿದರೂ ಚಿಂತೆಯಿಲ್ಲ, ಪೂರ್ತಿ ಚಾಚಿ ಹೊಡೆಯಿರಿ. ಆತ ಅವನ್ನು ಗ್ಲೌಸಿನಿಂದ ತಡೆದರೂ ಸಾಕು, ತಡೆಯುವ ಅಭ್ಯಾಸ ಆತನ ಕೈಗೆ ಹತ್ತುತ್ತದೆ. ಫೇಂಟ್‌ಗೆ ಬೇಕಾದ ಬಂಡವಾಳ ಆ ಅಭ್ಯಾಸವೇ.

ಎರಡನೆಯದು ಇದಕ್ಕಿಂತ ಮುಖ್ಯ. ನೀವು ಬರೆದದ್ದರಲ್ಲಿ ಭುಜ ಇದೆ, ಕೈ ಇದೆ, ಕಾಲು ಎಲ್ಲಿಯೂ ಇಲ್ಲ. ಸ್ವಲ್ಪ ಅನುಭವವಿರುವ ಬಾಕ್ಸರ್ ನಿಮ್ಮ ಗ್ಲೌಸನ್ನು ನೋಡುವುದಿಲ್ಲ; ಆತನ ದೃಷ್ಟಿ ಸಾಮಾನ್ಯವಾಗಿ ನಿಮ್ಮ ಕೊರಳು ಮತ್ತು ಎದೆಯ ಮೇಲ್ಭಾಗದ ಸುತ್ತ ನೆಲೆಸಿರುತ್ತದೆ, ಅಲ್ಲಿಂದ ಅಂಚುಗಣ್ಣಿನಲ್ಲಿ ಭುಜವೂ ಸೊಂಟವೂ ಮುಂದಿನ ಮೊಣಕಾಲೂ ಕಾಣುತ್ತಿರುತ್ತವೆ. ಆತನಿರುವ ಅಂತರವನ್ನು ನಿಮ್ಮ ಮುಂದಿನ ಪಾದ ಕಡಿಮೆ ಮಾಡದೆ ನಿಮ್ಮ ಪಂಚ್ ಆತನನ್ನು ತಲುಪುವುದು ಸಾಧ್ಯವಿಲ್ಲ ಎಂಬುದು ಆತನಿಗೆ ಗೊತ್ತು, ಏಕೆಂದರೆ ಆತ ನಿಮಗಿಂತ ಎತ್ತರದವನು. ಆದುದರಿಂದ ನಿಂತಲ್ಲೇ ನಿಂತು ನೀವು ಭುಜವನ್ನು ಎಷ್ಟು ಕುಣಿಸಿದರೂ ಆತನಿಗೆ ಅದರಿಂದ ಅಪಾಯವಿಲ್ಲ. ಪಾದ ಅರ್ಧ ಹೆಜ್ಜೆ ಒಳಕ್ಕೆ ಬಂದು ನೆಲಕ್ಕೆ ಊರಿದಾಗ ಮಾತ್ರ ಆತನ ಮೈ ತಾನಾಗಿ ಎಚ್ಚರಗೊಳ್ಳುತ್ತದೆ.

ನಿಲುವಿನ ವಿಷಯ. ಪಾದಗಳ ನಡುವೆ ಭುಜಗಳಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ಅಗಲವಿರಲಿ. ಎರಡೂ ಪಾದಗಳು ಒಂದೇ ಗೆರೆಯ ಮೇಲೆ ಬರಬಾರದು, ಬಂದರೆ ಪಕ್ಕದಿಂದ ಬಂದ ಹುಕ್ಕಿಗೆ (ಮೊಣಕೈ ಬಾಗಿಸಿ ಹೊಡೆಯುವ ಪೆಟ್ಟಿಗೆ) ಮೈ ಅಲ್ಲಾಡಿಬಿಡುತ್ತದೆ. ಹಿಂದಿನ ಹಿಮ್ಮಡಿ ನೆಲದಿಂದ ಮೇಲಿರಲಿ, ಮೊಣಕಾಲುಗಳು ಸಡಿಲವಾಗಿರಲಿ, ಗದ್ದ ಕೆಳಗಿರಲಿ. ಭಾರ ಎರಡೂ ಕಾಲುಗಳ ನಡುವೆ ಹಂಚಿರಬೇಕು. ಫೇಂಟ್ ಮಾಡುವ ಕ್ಷಣದಲ್ಲಿ ಪೂರ್ತಿ ಭಾರ ಮುಂದಿನ ಕಾಲಿಗೆ ಬಿದ್ದರೆ ನೀವು ಹೊಡೆಯಲೂ ಆರಿರಿ, ಹಿಂದೆ ಸರಿಯಲೂ ಆರಿರಿ. ಬಲಗೈಗೆ ಬೇಕಾದ ನೂಕು ಹಿಂದಿನ ಕಾಲಿನಲ್ಲಿ ಉಳಿದಿರುವುದಿಲ್ಲ. ಆ ಹುಡುಗನ ಎಡಗೈ ನಿಮ್ಮನ್ನು ಹಿಡಿಯುತ್ತಿರುವುದು ಬಹುಶಃ ಅದೇ ಕ್ಷಣದಲ್ಲಿ. ಯಾರಾದರೂ ಮೊಬೈಲಿನಲ್ಲಿ ಪಕ್ಕದಿಂದ ಚಿತ್ರಿಸಲಿ. ಮುಖವನ್ನು ಬಿಟ್ಟು ಸೊಂಟದಿಂದ ಕೆಳಗಿನ ಭಾಗವನ್ನಷ್ಟೇ ಚಿತ್ರಿಸಿದರೆ ಸಾಕು.

ಎಡಚ:

ನಾನು ಸೌತ್‌ಪಾ. ಆದ್ದರಿಂದ ಆಚೆಯ ಮೂಲೆಯ ಪಕ್ಷವಾಗಿ ಉತ್ತರಿಸುತ್ತೇನೆ.

ಆರ್ಥೊಡಾಕ್ಸ್ ಮತ್ತು ಸೌತ್‌ಪಾ ಎದುರುಬದುರಾದಾಗ ಇಬ್ಬರ ಮುಂದಿನ ಪಾದಗಳು ಒಂದರ ಪಕ್ಕ ಒಂದು ಬರುತ್ತವೆ, ಮುಂದಿನ ಕೈಗಳು ಒಂದನ್ನೊಂದು ಅಡ್ಡಗಟ್ಟುತ್ತವೆ. ಹೀಗಾಗಿ ಜ್ಯಾಬ್‌ನ ದಾರಿ ಇಕ್ಕಟ್ಟಾಗಿ, ಹಿಂದಿನ ಕೈಯ ದಾರಿ ವಿಶಾಲವಾಗುತ್ತದೆ. ನೀವು ನಿಮ್ಮ ಎಡಕ್ಕೆ ಸರಿದು ಪಾದವನ್ನು ನನ್ನ ಬಲಪಾದದ ಹೊರಗೆ ಇಟ್ಟರೆ ನಿಮ್ಮ ಬಲಗೈ ನನ್ನ ಗದ್ದಕ್ಕೆ ನೇರವಾಗಿ ಕೂರುತ್ತದೆ, ನನ್ನ ಎಡಗೈ ಮಾತ್ರ ನಿಮ್ಮನ್ನು ತಲುಪಲು ಮೈಯನ್ನು ಹೆಚ್ಚು ತಿರುಗಿಸಬೇಕಾಗುತ್ತದೆ. ಹೊರಪಾದದ ನಿಯಮ ಹುಟ್ಟಿದ್ದು ಇದರಿಂದ, ಮತ್ತು ಅದು ಸುಳ್ಳಲ್ಲ. ಆದರೆ ಅದನ್ನೇ ಮಂತ್ರದಂತೆ ಜಪಿಸುತ್ತಾ ಎಲ್ಲರೂ ನನ್ನ ಪಾದದ ಹೊರಗೆ ಬರಲು ಹೊರಟಾಗ ನನಗೆ ಅವರ ಮುಂದಿನ ಹೆಜ್ಜೆ ಮೊದಲೇ ಗೊತ್ತಾಗಿಬಿಡುತ್ತದೆ. ನಾನು ಅವರು ಸರಿಯುವ ದಿಕ್ಕಿಗೇ ಬಲಗೈಯ ಹುಕ್ಕನ್ನು ಬಿಟ್ಟು ಕಾಯುತ್ತೇನೆ. ಒಳಗಡೆಯ ಗೆರೆಯೂ ಉಪಯುಕ್ತವೇ, ತಲೆ ಪೆಟ್ಟು ಬರುವ ಗೆರೆಯಿಂದ ಹೊರಗಿರಬೇಕು ಅಷ್ಟೇ. ಹೊರಗೆ ಹೆಜ್ಜೆ ಇಡುವಂತೆ ತೋರಿಸಿ ಒಳಗಿನಿಂದ ಬಲಗೈ ಹೊಡೆಯುವವನೇ ನನಗೆ ಹೆಚ್ಚು ಕಷ್ಟ ಕೊಡುತ್ತಾನೆ. ಪಾದದಿಂದ ಮಾಡುವ ಫೇಂಟ್ ಎಂದರೆ ಇದೂ ಹೌದು.

2012ರ ಡಿಸೆಂಬರ್‌ನಲ್ಲಿ ಲಾಸ್ ವೇಗಾಸ್‌ನಲ್ಲಿ ಸೌತ್‌ಪಾ ಮ್ಯಾನಿ ಪ್ಯಾಕಿಯಾವೊ ಮತ್ತು ಆರ್ಥೊಡಾಕ್ಸ್ ಹುವಾನ್ ಮಾನ್ವೆಲ್ ಮಾರ್ಕೆಜ್ ನಡುವೆ ನಡೆದ ನಾಲ್ಕನೆಯ ಪಂದ್ಯವನ್ನು ಈ ಕಣ್ಣಿನಿಂದ ಮತ್ತೆ ನೋಡಬೇಕು. ಆರಂಭದ ಸುತ್ತುಗಳಲ್ಲಿ ಮಾರ್ಕೆಜ್ ಬಲಗೈಯನ್ನು ಪ್ಯಾಕಿಯಾವೊನ ಹೊಟ್ಟೆಯ ಕಡೆಗೆ ಬಿಡುತ್ತಾ ಹೋಗುತ್ತಾನೆ. ನೋಡುವವರಿಗೆ ಅವು ದೊಡ್ಡ ಪೆಟ್ಟುಗಳಂತೆ ಕಾಣುವುದಿಲ್ಲ. ಮೂರನೆಯ ಸುತ್ತಿನಲ್ಲಿ ಮೈ ಮತ್ತೆ ಹಾಗೆಯೇ ಕೆಳಕ್ಕೆ ಹೋಗುತ್ತದೆ, ಆದರೆ ಬಲಗೈ ಮೇಲಿನಿಂದ ಬಳಸಿ ಬರುತ್ತದೆ, ಪ್ಯಾಕಿಯಾವೊ ನೆಲ ಕಾಣುತ್ತಾನೆ. ಐದನೆಯ ಸುತ್ತಿನಲ್ಲಿ ಪ್ಯಾಕಿಯಾವೊ ತಿರುಗಿ ಮಾರ್ಕೆಜ್‌ನನ್ನು ಕೆಡವುತ್ತಾನೆ. ಆರನೆಯ ಸುತ್ತು ಮುಗಿಯಲು ಒಂದು ಸೆಕೆಂಡು ಉಳಿದಿರುವಾಗ ಪಂದ್ಯವೇ ಮುಗಿಯುತ್ತದೆ: ಪ್ಯಾಕಿಯಾವೊ ಮುಂದಿನ ಕೈಯ ಹಿಂದೆ ಒಳನುಗ್ಗುತ್ತಾನೆ, ಆ ದಾರಿಯಲ್ಲಿ ಮಾರ್ಕೆಜ್‌ನ ಗಿಡ್ಡ ಬಲಗೈ ಮೊದಲೇ ಕಾದಿರುತ್ತದೆ. ಮೊದಲ ಪೆಟ್ಟು ಫೇಂಟ್‌ನಿಂದ ಬಂದದ್ದು, ಕೊನೆಯ ಪೆಟ್ಟು ಎದುರಾಳಿಯ ಕಾಲು ಎಲ್ಲಿ ಊರುತ್ತದೆ ಎಂಬುದನ್ನು ಮೂರು ಪಂದ್ಯಗಳಿಂದ ಕಲಿತದ್ದರ ಫಲ ಎಂದು ನನ್ನ ಎಣಿಕೆ.

ಗರಡಿಮನೆ:

ಎಡಚ ಅವರ ಬರಹದಿಂದ ನನಗೆ ಒಂದು ವಿಷಯ ಹೊಳೆಯಿತು. ನಾನು ಬಾಕ್ಸಿಂಗ್‌ಗೆ ಬರುವ ಮೊದಲು ಧಾರವಾಡ ಕಡೆಯ ಗರಡಿಯಲ್ಲಿ ಕುಸ್ತಿ ಮಾಡಿದವನು. ಅಖಾಡದ ಮಣ್ಣಿನಲ್ಲಿ ಎದುರಾಳಿಯ ಕೊರಳಿಗೆ ಕೈ ಹಾಕಿದಂತೆ ಮಾಡಿ ಕಾಲಿಗೆ ಹೋಗುವುದು, ಕಾಲಿಗೆ ಬಾಗಿದಂತೆ ಮಾಡಿ ಮೇಲೆ ಹಿಡಿಯುವುದು, ಇವು ಪ್ರತಿ ಪಟ್ಟಿನ ಮುನ್ನುಡಿಗಳು. ಮೈ ಕೆಳಕ್ಕೆ ಇಳಿದರೆ ಎದುರಿಗಿರುವವನ ಕಣ್ಣೂ ಕೈಯೂ ಕೆಳಕ್ಕೆ ಇಳಿಯುತ್ತವೆ; ಕುಸ್ತಿಯಲ್ಲೂ ಬಾಕ್ಸಿಂಗ್‌ನಲ್ಲೂ ಮೈಯ ಸ್ವಭಾವ ಒಂದೇ. ಕುಸ್ತಿಯಿಂದ ಬಂದ ಹುಡುಗರಿಗೆ ಈ ಏರಿಳಿತ ಸಲೀಸು, ಆದರೆ ತರಬೇತುದಾರರು ಅದನ್ನು ಬಳಸಿಕೊಳ್ಳುವ ಬದಲು ನೆಟ್ಟಗೆ ನಿಲ್ಲಿಸುವುದಕ್ಕೇ ಎಲ್ಲ ಶ್ರಮವನ್ನೂ ಹಾಕುತ್ತಾರೆ ಎಂಬುದು ನನ್ನ ತಕರಾರು.

ಹಳೇ ಗ್ಲೌಸ್:

ಗರಡಿಮನೆಯವರೇ, ತಕರಾರನ್ನು ಅರ್ಧ ಒಪ್ಪುತ್ತೇನೆ. ಕುಸ್ತಿಯವರ ಮೊಣಕಾಲು ಮಡಿಯುತ್ತದೆ, ಅದು ದೊಡ್ಡ ಲಾಭ. ಬಾಕ್ಸಿಂಗ್ ಹುಡುಗರಲ್ಲಿ ಬಹಳ ಮಂದಿ ಕೆಳಗಿಳಿಯುವುದೆಂದರೆ ಸೊಂಟದಿಂದ ಬಾಗುವುದು ಎಂದುಕೊಂಡಿರುತ್ತಾರೆ. ಆದರೆ ಕುಸ್ತಿಯ ನಿಲುವಿನಲ್ಲಿ ತಲೆ ಮುಂದಿನ ಮೊಣಕಾಲನ್ನು ದಾಟಿ ಮುಂದೆ ಚಾಚಿರುತ್ತದೆ, ಅಲ್ಲಿ ಅದು ಆಯುಧವೂ ಹೌದು. ಬಾಕ್ಸಿಂಗ್‌ನಲ್ಲಿ ಹಾಗೆ ಚಾಚಿದ ತಲೆ ಕೆಳಗಿನಿಂದ ಮೇಲಕ್ಕೆ ಬರುವ ಅಪ್ಪರ್‌ಕಟ್‌ಗೆ ಸಿಕ್ಕುತ್ತದೆ. ಎದುರಾಳಿಯ ಬೆಲ್ಟಿಗಿಂತ ಕೆಳಕ್ಕೆ ಅಪಾಯಕರವಾಗಿ ತಲೆ ಬಗ್ಗಿಸುವುದು ನಿಯಮದ ಪ್ರಕಾರ ಫೌಲ್ ಕೂಡ. ಆದುದರಿಂದ ಇಳಿಯುವುದು ಮೊಣಕಾಲಿನಿಂದ, ಬೆನ್ನು ನೆಟ್ಟಗೆ, ಕಣ್ಣು ಎದುರಾಳಿಯ ಮೇಲೆಯೇ. ಹೊಟ್ಟೆಗೆ ಹೊಡೆಯುವಾಗ ನೀವು ಎಷ್ಟು ಇಳಿಯುತ್ತೀರೋ ಫೇಂಟ್‌ನಲ್ಲೂ ಅಷ್ಟೇ ಇಳಿಯಬೇಕು. ನಾಟಕ ಹೆಚ್ಚಾದರೆ ಎದುರಿಗಿರುವವನಿಗೆ ವ್ಯತ್ಯಾಸ ತಿಳಿದುಹೋಗುತ್ತದೆ.

ತೀರ್ಪುಗಾರ:

ನಾನು ರಿಂಗ್ ಪಕ್ಕದ ಮೇಜಿನಲ್ಲಿ ಕುಳಿತು ಅಂಕ ಕೊಡುವವನು. ಅಲ್ಲಿಂದ ಕಾಣುವುದನ್ನು ಹೇಳುತ್ತೇನೆ. ಎಷ್ಟೇ ಸೊಗಸಾದ ಫೇಂಟ್ ಆದರೂ ಅದಕ್ಕೆ ಅಂಕವಿಲ್ಲ. ಅಮೆಚೂರ್ ಬಾಕ್ಸಿಂಗ್‌ನಲ್ಲಿ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಿಂದ 2012ರ ಲಂಡನ್‌ವರೆಗೆ ತಗಲಿದ ಪೆಟ್ಟುಗಳನ್ನು ಗುಂಡಿ ಒತ್ತಿ ಎಣಿಸುವ ಕಂಪ್ಯೂಟರ್ ಪದ್ಧತಿ ಇತ್ತು. 2013ರಿಂದ ಪ್ರತಿ ಸುತ್ತನ್ನು ಗೆದ್ದವರಿಗೆ ಹತ್ತು ಅಂಕ ಕೊಡುವ ಪದ್ಧತಿ ಬಂದಿದೆ. ಈಗ ನಾವು ನೋಡುವುದು ಗುರಿಗೆ ಸೇರಿದ ಗುಣಮಟ್ಟದ ಪೆಟ್ಟುಗಳನ್ನು, ತಾಂತ್ರಿಕ ಹಾಗೂ ತಂತ್ರಗಾರಿಕೆಯ ಮೇಲುಗೈಯನ್ನು, ಸೆಣಸುವ ಛಲವನ್ನು. ಫೇಂಟ್ ಮೇಲುಗೈಗೆ ದಾರಿಯಾಗಬಹುದು, ಆದರೆ ಅದರ ಕೊನೆಯಲ್ಲಿ ಪಂಚ್ ಇರಬೇಕು. ಮೂರು ಹುಸಿ ಚಲನೆಗಳ ಬಳಿಕ ಏನನ್ನೂ ಹೊಡೆಯದೆ ಹಿಂದೆ ಸರಿಯುವ ಹುಡುಗ ನಮಗೆ ಹಿಂಜರಿಯುತ್ತಿರುವವನಂತೆ ಕಾಣುತ್ತಾನೆ.

ಇನ್ನೊಂದು ಮಾತು. ವೃತ್ತಿಪರರ ದೊಡ್ಡ ಪಂದ್ಯದಲ್ಲಿ ಹನ್ನೆರಡು ಸುತ್ತುಗಳವರೆಗೆ ಇರುತ್ತವೆ, ಮೂರು ಸುತ್ತು ಸುಮ್ಮನೆ ಎದುರಾಳಿಯ ಪ್ರತಿಕ್ರಿಯೆಗಳನ್ನು ಓದಿಕೊಂಡರೂ ಸಮಯ ಉಳಿದಿರುತ್ತದೆ. ನಮ್ಮಲ್ಲಿ ಮೂರು ಮೂರು ನಿಮಿಷಗಳ ಮೂರೇ ಸುತ್ತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 52 ಕೆ.ಜಿ. ವಿಭಾಗದ ಅಗ್ರ ಶ್ರೇಯಾಂಕಿತರಾಗಿದ್ದ ಭಾರತದ ಅಮಿತ್ ಪಂಘಲ್ ಕೊಲಂಬಿಯಾದ ಯುಬರ್ಜೆನ್ ಮಾರ್ಟಿನೆಝ್ ಎದುರು ಮೊದಲ ಸುತ್ತನ್ನು ಗೆದ್ದೂ 1–4ರಿಂದ (ಐವರು ತೀರ್ಪುಗಾರರಲ್ಲಿ ಒಬ್ಬರಷ್ಟೇ ಅವರ ಪರ) ಸೋತರು. ಮಾರ್ಟಿನೆಝ್ ಬಿಡುವೇ ಕೊಡದೆ ಮೇಲೆ ಬಿದ್ದು ಹೊಡೆಯುತ್ತಾ ಹೋದರು. ಅಂಥ ಎದುರಾಳಿಯ ಮುಂದೆ ಅಂತರದಲ್ಲಿ ನಿಂತು ಕೆಣಕಿ ಪ್ರತಿಹೊಡೆತ ಕೊಡುವ ಆಟಕ್ಕೆ ಜಾಗವೇ ಸಿಗುವುದಿಲ್ಲ. ಹೀಗೆ ನುಗ್ಗುವವನಿಗೆ ಬೇರೆಯ ಉಪಾಯ ಬೇಕು, ಅಲ್ಲಿ ಫೇಂಟ್‌ಗಿಂತ ಪಕ್ಕಕ್ಕೆ ಸರಿದು ತಿರುಗುವ ಹಿಂದಿನ ಕಾಲು ಮುಖ್ಯವಾಗುತ್ತದೆ.

ಮೊಣಕಾಲು:

ಒಂದು ಸಣ್ಣ ಎಚ್ಚರಿಕೆ. ಇಲ್ಲಿ ಹೇಳುತ್ತಿರುವ ನಿಲುವನ್ನು ಮುಯ್ ಥಾಯ್ ಅಥವಾ ಕಿಕ್‌ಬಾಕ್ಸಿಂಗ್ ಅಭ್ಯಾಸ ಮಾಡುವವರು ಹಾಗೆಯೇ ಎತ್ತಿಕೊಳ್ಳಬಾರದು. ಮುಂದಿನ ಪಾದವನ್ನು ಒಳಕ್ಕೆ ತಿರುಗಿಸಿ, ಅರ್ಧ ಹೆಜ್ಜೆ ಒಳಗೆ ಊರಿದರೆ ಲೋ ಕಿಕ್ (ಕಾಲಿಗೆ ಬೀಳುವ ಒದೆತ) ಬಂದಾಗ ಆ ಕಾಲನ್ನು ಎತ್ತಿ ತಡೆಯಲು ಸಮಯವಿರುವುದಿಲ್ಲ, ತೊಡೆಯ ಹೊರಬದಿಯೂ ಮೀನಖಂಡವೂ ಪೂರ್ತಿ ತೆರೆದಿರುತ್ತವೆ. ನಮ್ಮಲ್ಲಿ ನಿಲುವು ಇನ್ನಷ್ಟು ನೆಟ್ಟಗೆ, ಮುಂದಿನ ಕಾಲು ಹಗುರ. ಮೊಣಕಾಲನ್ನು ತುಸು ಎತ್ತಿದರೆ ಸಾಕು, ಎದುರಾಳಿಯ ಕೈಗಳು ಇಳಿಯುತ್ತವೆ, ಅದೇ ನಮ್ಮ ಜ್ಯಾಬ್ ಫೇಂಟ್. ಟೋಕಿಯೊದಲ್ಲಿ ಬಾಕ್ಸಿಂಗ್ ಕಂಚು ಗೆದ್ದ ಲವ್ಲೀನಾ ಬೊರ್ಗೊಹೈನ್ ಕೂಡ ಆರಂಭಿಸಿದ್ದು ಮುಯ್ ಥಾಯ್‌ನಿಂದ. ದಾಟಿ ಬರುವುದು ಅಸಾಧ್ಯವಲ್ಲ, ಆದರೆ ಪಾದಗಳು ಹೊಸದಾಗಿ ಕಲಿಯಬೇಕು.

ಜ್ಯಾಬ್‌ಪ್ರಿಯ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಹಳೇ ಗ್ಲೌಸ್ ಸರ್, ಸೊಂಟದಿಂದ ಕೆಳಗೆ ಚಿತ್ರಿಸಿ ನೋಡಿದೆ. ನಿಜವಾದ ಜ್ಯಾಬ್ ಹೊಡೆಯುವಾಗ ನನ್ನ ಹಿಂದಿನ ಹಿಮ್ಮಡಿ ಮೇಲೆಯೇ ಇರುತ್ತದೆ. ಫೇಂಟ್ ಮಾಡುವಾಗ ಮಾತ್ರ ಅದು ಸದ್ದಿಲ್ಲದೆ ನೆಲಕ್ಕೆ ಕೂರುತ್ತದೆ. ಆ ಹುಡುಗನಿಗೆ ನನ್ನ ಗುಟ್ಟು ಗೊತ್ತಾಗುತ್ತಿದ್ದದ್ದು ಬಹುಶಃ ಇದರಿಂದಲೇ.

ಎರಡು ಸಂದೇಹಗಳಿವೆ. ಜ್ಯಾಬ್ ತಗಲದೆ ಫೇಂಟ್ ನಡೆಯದು ಎಂದಿರಿ. ಹಾಗಾದರೆ 1974ರಲ್ಲಿ ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿ ಜಾರ್ಜ್ ಫೋರ್‌ಮನ್ ಎದುರು ಮೊದಲ ಸುತ್ತಿನಲ್ಲೇ ಜ್ಯಾಬ್‌ನ ಹಂಗಿಲ್ಲದೆ ಬಲಗೈಯನ್ನೇ ಮೊದಲ ಪೆಟ್ಟಾಗಿ ಬಿಟ್ಟದ್ದು ಹೇಗೆ ಫಲಿಸಿತು? ಎರಡನೆಯದಾಗಿ, ಎದುರಾಳಿ ಫೇಂಟ್‌ಗೆ ಪ್ರತಿಕ್ರಿಯಿಸಿದರೆ ಆಮೇಲೆ ಏನು ಮಾಡಬೇಕು ಎಂಬುದು ಆ ಕ್ಷಣದಲ್ಲಿ ನನಗೆ ಹೊಳೆಯುವುದಿಲ್ಲ.

ಎಡಚ:

ಅಲಿಯ ವಿಷಯಕ್ಕೆ ನಾನು ಉತ್ತರಿಸುತ್ತೇನೆ. 1964ರಲ್ಲೇ ವಿಶ್ವ ಚಾಂಪಿಯನ್ ಆಗಿದ್ದವನ ಜ್ಯಾಬ್ ಎಂಥದ್ದು ಎಂಬುದು ಫೋರ್‌ಮನ್‌ಗೂ ಅವನ ಮೂಲೆಯಲ್ಲಿದ್ದವರಿಗೂ ಚೆನ್ನಾಗಿ ಗೊತ್ತಿತ್ತು. ಆ ರಾತ್ರಿ ಅಲಿ ಜ್ಯಾಬ್ ಹೊಡೆಯುವ ಮೊದಲೇ ಎದುರಾಳಿಯ ತಲೆಯಲ್ಲಿ ಅದು ಇತ್ತು. ಹಿಂದಿನ ಕೈ ಹೆಚ್ಚು ದೂರ ಕ್ರಮಿಸಬೇಕಾದ್ದರಿಂದ ಅದನ್ನು ಮೊದಲ ಪೆಟ್ಟಾಗಿ ಬಿಡುವುದು ಅಪಾಯ, ಆದ್ದರಿಂದಲೇ ಯಾರೂ ಅದನ್ನು ನಿರೀಕ್ಷಿಸುವುದಿಲ್ಲ. ನಿಮಗೂ ಇದು ನೇರವಾಗಿ ಅನ್ವಯಿಸುತ್ತದೆ. ಸೌತ್‌ಪಾ ಎದುರು ಬಲಗೈಯ ದಾರಿ ಹೇಗೂ ತೆರೆದಿರುತ್ತದೆ. ಮುಂದಿನ ಗ್ಲೌಸಿನಿಂದ ಆತನ ಮುಂದಿನ ಗ್ಲೌಸನ್ನು ಮೆಲ್ಲಗೆ ತಟ್ಟುತ್ತಾ, ಒತ್ತುತ್ತಾ ಇರಿ. ಆತ ಆ ಕೈಜಗಳದಲ್ಲಿ ಮಗ್ನನಾಗಿರುವಾಗ ಬಲಗೈ ಬಿಡಿ. ಹೊಡೆದ ಮೇಲೆ ನಿಂತಲ್ಲಿ ನಿಲ್ಲಬೇಡಿ, ಎಡಕ್ಕೆ ಸರಿದು ಹೊರಬನ್ನಿ.

ಎತ್ತರದವನ ಎದುರು ಗಿಡ್ಡವನು ಏನು ಮಾಡಬಹುದು ಎನ್ನುವುದಕ್ಕೆ 2024ರ ಮೇ 18ರಂದು ರಿಯಾದ್‌ನಲ್ಲಿ ನಡೆದ ಒಲೆಕ್ಸಾಂಡರ್ ಉಸಿಕ್ ಮತ್ತು ಟೈಸನ್ ಫ್ಯೂರಿ ಪಂದ್ಯ ಒಳ್ಳೆಯ ಪಾಠ. ಉಸಿಕ್ 191 ಸೆಂ.ಮೀ., ಫ್ಯೂರಿ 206 ಸೆಂ.ಮೀ. ಉಸಿಕ್‌ನ ಮುಂದಿನ ಪಾದ ಮತ್ತು ಮುಂದಿನ ಕೈ ಪಂದ್ಯದುದ್ದಕ್ಕೂ ಏನನ್ನಾದರೂ ಕೇಳುತ್ತಲೇ ಇರುತ್ತವೆ. ನಡುವಿನ ಸುತ್ತುಗಳಲ್ಲಿ ಫ್ಯೂರಿಯ ಅಪ್ಪರ್‌ಕಟ್‌ಗಳು ಆತನನ್ನು ಕಾಡಿದವು ನಿಜ, ಆದರೆ ಪಾದ ಮತ್ತು ಕೈಯಿಂದ ಹೇರುತ್ತಿದ್ದ ತನ್ನ ಒತ್ತಡವನ್ನು ಉಸಿಕ್ ನಿಲ್ಲಿಸಲಿಲ್ಲ. ಒಂಬತ್ತನೆಯ ಸುತ್ತಿನಲ್ಲಿ ಎಡಗೈ ತಗಲಿ ಫ್ಯೂರಿ ಹಗ್ಗದಿಂದ ಹಗ್ಗಕ್ಕೆ ತೂರಾಡಿದ, ರೆಫ್ರಿ ಎಣಿಕೆ ಮಾಡಬೇಕಾಯಿತು. ತೀರ್ಪು ಒಮ್ಮತದ್ದಲ್ಲ, ಮೂವರಲ್ಲಿ ಇಬ್ಬರು ಉಸಿಕ್ ಪರ ಕೊಟ್ಟರು.

ಹಳೇ ಗ್ಲೌಸ್:

ಎರಡನೆಯ ಸಂದೇಹಕ್ಕೆ ಬರುತ್ತೇನೆ. ಆ ಕ್ಷಣದಲ್ಲಿ ಹೊಳೆಯುವುದಿಲ್ಲ ಎಂದಿರಿ, ಹೊಳೆಯಬೇಕಾಗಿಯೂ ಇಲ್ಲ. ಮೊದಲ ಸುತ್ತಿನ ಫೇಂಟ್‌ಗಳನ್ನು ಹೊಡೆಯುವುದಕ್ಕಾಗಿ ಮಾಡಬೇಡಿ, ನೋಡುವುದಕ್ಕಾಗಿ ಮಾಡಿ. ಅರ್ಧ ಹೆಜ್ಜೆ ಒಳಗೆ ಊರಿ, ಮೊಣಕಾಲು ಮತ್ತು ಭುಜ ಜ್ಯಾಬ್‌ನ ಆರಂಭದಂತೆಯೇ ಅಲುಗಲಿ, ಜ್ಯಾಬ್ ಹೊಡೆಯುವಾಗ ಉಸಿರು ಬಿಡುವ ಸದ್ದು ಬರುತ್ತಿದ್ದರೆ ಅದೂ ಬರಲಿ, ಅಲ್ಲಿಗೆ ನಿಲ್ಲಿಸಿ. ಆತ ಎರಡೂ ಕೈಗಳನ್ನು ಮುಖಕ್ಕೆ ಮುಚ್ಚಿಕೊಂಡನೆಂದರೆ ಮುಂದಿನ ಬಾರಿ ಹೊಟ್ಟೆ ನಿಮ್ಮದು. ನಿಮ್ಮ ಜ್ಯಾಬ್ ತಳ್ಳಲು ಮುಂದಿನ ಕೈಯನ್ನು ಚಾಚಿದನೆಂದರೆ ಆ ಕೈಯ ಮೇಲಿನಿಂದ ಬಲಗೈ ಹೋಗುತ್ತದೆ. ಹಿಂದಕ್ಕೆ ನೆಗೆದನೆಂದರೆ ಒಂದು ಪೆಟ್ಟಿನಿಂದ ಕೆಲಸವಾಗದು, ಎರಡು ಹೆಜ್ಜೆ ಎರಡು ಜ್ಯಾಬ್ ಬೇಕು, ಇಲ್ಲವೇ ಆತನನ್ನು ಹಗ್ಗದವರೆಗೆ ಅಟ್ಟಬೇಕು.

ನಿಮ್ಮ ಸಂಗಾತಿ ಮಾಡುತ್ತಿರುವುದು ಇವು ಯಾವುದೂ ಅಲ್ಲ. ನೀವು ಅಲುಗಿದ ಕೂಡಲೇ ಎಡಗೈ ಬಿಡುತ್ತಿದ್ದಾನೆ. ಅಷ್ಟು ಖಚಿತವಾಗಿ ಆತ ಏನು ಮಾಡುತ್ತಾನೆಂದು ಗೊತ್ತಿರುವುದು ಕೊರತೆಯೇನಲ್ಲ. ಅರ್ಧ ಹೆಜ್ಜೆ ತೋರಿಸಿ ಹಿಂದಿನ ಕಾಲಿಗೆ ಭಾರ ತಂದು ತಲೆಯನ್ನು ನಾಲ್ಕು ಬೆರಳಿನಷ್ಟು ಹಿಂದೆ ಎಳೆದುಕೊಳ್ಳಿ. ಎಡಗೈ ನಿಮ್ಮ ಮೂಗಿನ ಮುಂದೆ ಮುಗಿಯುತ್ತದೆ. ಅದು ವಾಪಸು ಹೋಗುವ ದಾರಿಯಲ್ಲೇ ನಿಮ್ಮ ಬಲಗೈ ಹೋಗಲಿ. ಹಿಂದಿನ ಹಿಮ್ಮಡಿ ಒಂದು ಕ್ಷಣ ಕೆಳಗಿಳಿಯುವುದು ಇಲ್ಲಿ ತಪ್ಪಲ್ಲ, ಅದು ಅಲ್ಲಿಯೇ ಕೂತುಬಿಡಬಾರದು ಅಷ್ಟೇ. ಇದನ್ನು ಮೊದಲು ಅರ್ಧ ವೇಗದಲ್ಲಿ, ಆತನಿಗೆ ಹೇಳಿಯೇ ಅಭ್ಯಾಸ ಮಾಡಿ. ಹೆಡ್‌ಗಾರ್ಡ್ ಇದೆ ಎಂದು ವಾರವಾರವೂ ಪೂರ್ತಿ ಬಲದಲ್ಲಿ ಸ್ಪಾರಿಂಗ್ ಮಾಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಹೆಡ್‌ಗಾರ್ಡ್ ಹುಬ್ಬು ಒಡೆಯುವುದನ್ನು ತಪ್ಪಿಸೀತು, ಮಿದುಳು ಅಲುಗುವುದನ್ನು ತಪ್ಪಿಸದು.

ಪಾದದ ಅಗಲ ಕೆಡುತ್ತಿದ್ದರೆ ಎರಡೂ ಕಣಕಾಲುಗಳಿಗೆ ನಿಲುವಿನ ಅಗಲಕ್ಕೆ ಸರಿಯಾಗಿ ಒಂದು ರಬ್ಬರ್ ಪಟ್ಟಿ ಕಟ್ಟಿಕೊಂಡು ಶ್ಯಾಡೋ ಬಾಕ್ಸಿಂಗ್ (ಎದುರಾಳಿಯಿಲ್ಲದೆ ಗಾಳಿಗೆ ಹೊಡೆಯುವ ಅಭ್ಯಾಸ) ಮಾಡಿ. ಮುಂದೆ ಹೋಗುವಾಗ ಮುಂದಿನ ಪಾದ ಮೊದಲು, ಹಿಂದೆ ಬರುವಾಗ ಹಿಂದಿನ ಪಾದ ಮೊದಲು, ಎಡಕ್ಕೆ ಎಡಪಾದ, ಬಲಕ್ಕೆ ಬಲಪಾದ. ಪಟ್ಟಿ ಜೋತುಬಿದ್ದರೆ ಪಾದಗಳು ಹತ್ತಿರ ಬಂದಿವೆ ಎಂದು ತಿಳಿಯುತ್ತದೆ.

ಜ್ಯಾಬ್‌ಪ್ರಿಯ:

ಕೊನೆಯದಾಗಿ ಒಂದು. ನಮ್ಮಲ್ಲಿ ರಿಂಗ್ ಇಲ್ಲ, ಮ್ಯಾಟ್ ಹಾಸಿದ ಹಾಲ್ ಇದೆ. ಓಡುವ ಶೂ ಹಾಕಿಕೊಂಡೇ ಅಭ್ಯಾಸ ಮಾಡುತ್ತೇನೆ. ಇದರಿಂದ ತೊಂದರೆಯಿದೆಯೇ?

ತೀರ್ಪುಗಾರ:

ಶೂ ಬದಲಿಸಿ. ಓಡುವ ಶೂಗಳ ಹಿಮ್ಮಡಿ ದಪ್ಪವಾಗಿರುವುದರಿಂದ ಹಿಮ್ಮಡಿ ಕೆಳಗಿದೆಯೋ ಮೇಲಿದೆಯೋ ಎಂಬುದೇ ಕಾಲಿಗೆ ತಿಳಿಯುವುದಿಲ್ಲ, ಪಕ್ಕಕ್ಕೆ ತಿರುಗುವಾಗ ಕಣಕಾಲು ಉಳುಕುವ ಸಂಭವವೂ ಹೆಚ್ಚು. ಬಾಕ್ಸಿಂಗ್ ಶೂ ದುಬಾರಿಯೆನಿಸಿದರೆ ತೆಳ್ಳಗಿನ ಸಪಾಟು ಅಡಿಯ ಯಾವುದಾದರೂ ಕ್ಯಾನ್ವಾಸ್ ಶೂ ಸಾಕು. ಹಾಲ್ ವಿಷಯದಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಬೇರೆ. ಸ್ಪರ್ಧೆಯ ರಿಂಗ್ ಹಗ್ಗಗಳ ಒಳಗೆ 6.10 ಮೀಟರ್ ಚೌಕ. ಹಗ್ಗವಿಲ್ಲದ ಹಾಲ್‌ನಲ್ಲಿ ಕಲಿತ ಹುಡುಗರು ನೇರವಾಗಿ ಹಿಂದೆ ಹಿಂದೆ ಹೋಗುವುದನ್ನೇ ರೂಢಿ ಮಾಡಿಕೊಂಡು ಬಂದು, ರಿಂಗ್‌ನಲ್ಲಿ ಬೆನ್ನಿಗೆ ಹಗ್ಗ ತಾಗಿದಾಗ ಗಲಿಬಿಲಿಗೊಳ್ಳುತ್ತಾರೆ. ನೆಲದ ಮೇಲೆ ಟೇಪಿನಿಂದ ಅಷ್ಟೇ ಅಳತೆಯ ಚೌಕ ಹಾಕಿ, ಎರಡು ಬದಿಗಳಲ್ಲಿ ಸಹಪಾಠಿಗಳನ್ನು ಕೈ ಕೈ ಹಿಡಿಸಿ ನಿಲ್ಲಿಸಿ. ಗೆರೆ ತುಳಿಯುವ ಮುನ್ನವೇ ಪಕ್ಕಕ್ಕೆ ತಿರುಗುವುದು ಹಿಂದಿನ ಪಾದಕ್ಕೆ ರೂಢಿಯಾಗುವವರೆಗೆ ಸ್ಪಾರಿಂಗ್ ಅಲ್ಲೇ ನಡೆಯಲಿ.